ಮೂತಿ ತಿರುಗದಿದ್ದಾಗ ಸ್ಟಿಯರಿಂಗ್ ಎಳೆದರೆ

ಕಾರ್ ರೇಸಿನ ಟ್ರ್ಯಾಕಿನಲ್ಲಿ ಹೊಸಬರ ಪಕ್ಕದ ಸೀಟಿನಲ್ಲಿ ಕೂತು ಕಲಿಸಿದ ದಿನ ಬೆಳಗಿನಿಂದ ಸಂಜೆವರೆಗೆ ಕಂಡದ್ದು ಹೆಚ್ಚುಕಡಿಮೆ ಒಂದೇ ಸಂಗತಿ. ಉದ್ದನೆಯ ನೇರ ದಾರಿ, ಅದರ ಕೊನೆಗೆ ಬಲ ತಿರುವು. ಬ್ರೇಕ್ ಒತ್ತಿ, ಒಮ್ಮೆಲೇ ಕಾಲು ತೆಗೆದು, ಸ್ಟಿಯರಿಂಗ್ ತಿರುಗಿಸುತ್ತಾರೆ. ಮೂತಿ ಒಳಗೆ ಬರುವುದಿಲ್ಲ, ಕಾರು ತಿರುವಿನ ಹೊರ ಅಂಚಿನತ್ತ ಸರಿಯುತ್ತದೆ. ಇದು ಅಂಡರ್‌ಸ್ಟಿಯರ್. ಹಿಂದಿನ ಟೈರುಗಳಿಗಿಂತ ಮೊದಲು ಮುಂದಿನವುಗಳ ಹಿಡಿತ ಮುಗಿದಿದೆ.

ಇದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ತಿರುಗಿದ ಟೈರು ಮತ್ತೆ ನೇರವಾಗಲು ಎಳೆಯುವ ಬಲ, ಹಿಡಿತದ ತುದಿ ಮುಟ್ಟುವ ತುಸು ಮೊದಲೇ ಕುಗ್ಗತೊಡಗುತ್ತದೆ. ಅದಕ್ಕೇ ಸ್ಟಿಯರಿಂಗ್ ಹಗುರವಾಗುತ್ತದೆ, ಮುಂಭಾಗದಿಂದ ರಬ್ಬರ್ ಉಜ್ಜುವ ಸದ್ದು ಬರುತ್ತದೆ. ಆಗ ಎಲ್ಲರ ಕೈಯೂ ಮಾಡುವುದು ಒಂದೇ: ಇನ್ನಷ್ಟು ತಿರುಗಿಸುವುದು. ಆದರೆ ಟೈರು ಅತಿ ಹೆಚ್ಚು ಹಿಡಿತ ಕೊಡುವ ಕೋನ, ಅಂದರೆ ಅದು ಮುಖ ಮಾಡಿದ ದಿಕ್ಕಿಗೂ ಸಾಗುವ ದಿಕ್ಕಿಗೂ ನಡುವಿನ ಅಂತರ, ಕೆಲವೇ ಡಿಗ್ರಿಗಳದ್ದು. ಅದನ್ನು ದಾಟಿದ ಮೇಲೆ ಹೆಚ್ಚು ತಿರುಗಿಸಿದಷ್ಟೂ ಹಿಡಿತ ಕಡಿಮೆ, ಬಿಸಿ ಜಾಸ್ತಿ.

ನಿಜವಾದ ಅಪಾಯ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸ್ಟಿಯರಿಂಗ್ ವಿಪರೀತ ತಿರುಗಿರುವಾಗಲೇ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರುಗಳು ಥಟ್ಟನೆ ಕಚ್ಚಿಕೊಳ್ಳುತ್ತವೆ, ಹಗುರಾದ ಹಿಂಭಾಗ ಹೊರಕ್ಕೆ ಬೀಸಿಕೊಳ್ಳುತ್ತದೆ. ಅಂಡರ್‌ಸ್ಟಿಯರ್ ಕ್ಷಣಾರ್ಧದಲ್ಲಿ ಓವರ್‌ಸ್ಟಿಯರ್ ಆಗುತ್ತದೆ. ಹೊಸಬರ ಕಾರು ಗಿರಕಿ ಹೊಡೆಯುವುದು ಬಹುಪಾಲು ಹೀಗೇ ಎಂಬುದು ನನ್ನ ಅನಿಸಿಕೆ. ಎಂಜಿನ್ ನಡುವೆ ಇರುವ ಕಾರುಗಳಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. ಭಾರವೆಲ್ಲ ಮಧ್ಯದಲ್ಲೇ ಇರುವುದರಿಂದ ಕಾರು ತಿರುಗತೊಡಗಿದರೆ ತಡೆ ಕಡಿಮೆ. ಪೋರ್ಷೆ 911ರಲ್ಲಿ ಎಂಜಿನ್ ಹಿಂದಿನ ಆಕ್ಸೆಲಿಗಿಂತಲೂ ಹಿಂದಿರುವುದರಿಂದ, ಬೀಸಲು ಶುರುವಾದ ಹಿಂಭಾಗವನ್ನು ನಿಲ್ಲಿಸುವುದು ಕಷ್ಟ.

ಮೂತಿ ಹೊರಕ್ಕೆ ದಬ್ಬತೊಡಗಿದಾಗ ಮಾಡಬೇಕಾದದ್ದು ಕೈಗೆ ಒಗ್ಗದ ಕೆಲಸ: ಸ್ಟಿಯರಿಂಗನ್ನು ತುಸು ಸಡಿಲಿಸಿ, ಆಕ್ಸಿಲರೇಟರನ್ನು ಮೆಲ್ಲಗೆ ಇಳಿಸಿ, ಹಿಡಿತ ಮರಳುವವರೆಗೆ ಕಾಯಬೇಕು. ಹಿಂಭಾಗ ಜಾರಿದರೆ ನೋಟ ಹೋಗಬೇಕಾದ ದಾರಿಯ ಕಡೆಗಿರಲಿ, ಕೈ ಅದನ್ನೇ ಹಿಂಬಾಲಿಸಲಿ. ಆಕ್ಸಿಲರೇಟರ್ ಜಾಸ್ತಿಯಾಗಿ ಜಾರಿದ್ದರೆ ಅದನ್ನು ನಿಧಾನಕ್ಕೆ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ಕಾಲು ತೆಗೆದದ್ದರಿಂದ ಜಾರಿದ್ದರೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಭಾರವನ್ನು ಹಿಂದಕ್ಕೆ ತನ್ನಿ. ಎದುರು ದಿಕ್ಕಿಗೆ ತಿರುಗಿಸಿದ ಸ್ಟಿಯರಿಂಗನ್ನು ಹಿಡಿತ ಮರಳಿದೊಡನೆ ನೇರ ಮಾಡುವುದು ಬಹಳ ಮುಖ್ಯ. ತಡವಾದರೆ ಕಾರು ಇನ್ನೊಂದು ಪಕ್ಕಕ್ಕೆ, ಮೊದಲಿಗಿಂತ ಜೋರಾಗಿ ಎರಗುತ್ತದೆ. ಇದೆಲ್ಲ ರೂಢಿಯಾಗುವವರೆಗೆ ಸ್ಟೆಬಿಲಿಟಿ ಕಂಟ್ರೋಲ್ (ಜಾರುವ ಕಾರನ್ನು ತಾನಾಗಿ ತಹಬಂದಿಗೆ ತರುವ ವ್ಯವಸ್ಥೆ) ಆನ್ ಇರಲಿ.

ಮೂಲ ಕಾರಣ ಮಾತ್ರ ಬ್ರೇಕಿನಲ್ಲಿದೆ. ಬ್ರೇಕ್ ಒಮ್ಮೆಲೇ ಬಿಟ್ಟರೆ ಮುಂದಿನ ಸ್ಪ್ರಿಂಗ್‌ಗಳು ಮೇಲೇಳುತ್ತವೆ, ಟೈರಿಗೆ ಭಾರ ಬೇಕಾದ ಹೊತ್ತಿಗೇ ಅದು ಹೊರಟುಹೋಗುತ್ತದೆ. ನೇರ ದಾರಿಯಲ್ಲಿ ಗಟ್ಟಿಯಾಗಿ ಒತ್ತಿ. ಸ್ಟಿಯರಿಂಗ್ ತಿರುಗುತ್ತಾ ಹೋದಂತೆ ಪೆಡಲ್ ಅಷ್ಟಷ್ಟೇ ಸಡಿಲವಾಗುತ್ತಾ ಬರಲಿ. ತಿರುವಿನ ಒಳಬಿಂದುವಿನ, ಅಂದರೆ ಕಾರು ಒಳ ಅಂಚಿಗೆ ಅತಿ ಸಮೀಪ ಬರುವ ಜಾಗದ, ಹತ್ತಿರ ಅದು ಸೊನ್ನೆಯಾಗಬೇಕು. ಆ ದಿನ ಇದೊಂದನ್ನು ಬದಲಿಸಿದವರ ಕಾರು ಅದೇ ಟೈರು, ಅದೇ ಸೆಟ್ಟಿಂಗಿನಲ್ಲಿ ಒಳಕ್ಕೆ ತಿರುಗಿತು.

ಆಮೇಲೂ ಮೂತಿ ಹೊರಕ್ಕೆ ದಬ್ಬಿದರೆ ಟೈರು ನೋಡಿ. ಗಾಳಿಯ ಒತ್ತಡವನ್ನು ಪಿಟ್‌ಗೆ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗ) ಬಂದ ತಕ್ಷಣ, ಬಿಸಿ ಇರುವಾಗಲೇ ಅಳೆಯಿರಿ. ಇಪ್ಪತ್ತು ನಿಮಿಷ ಓಡಿದ ಮೇಲೆ 5ರಿಂದ 8 ಪಿಎಸ್‌ಐ ಏರುವುದು ಸಾಮಾನ್ಯ. ಮುಂದಿನ ಟೈರಿನ ಹೊರ ಭುಜ ಮಾತ್ರ ಸವೆದಿದ್ದರೆ ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವ ಕೋನ, ಸಾಲದು. ರಸ್ತೆಯ ಸೆಟ್ಟಿಂಗಿನಲ್ಲಿ ಸಾಮಾನ್ಯವಾಗಿ ಒಂದು ಡಿಗ್ರಿಯ ಆಸುಪಾಸು ಇರುತ್ತದೆ, ಟ್ರ್ಯಾಕಿಗೆ ಎರಡೂವರೆ ಡಿಗ್ರಿವರೆಗೂ ಹೋಗುವವರಿದ್ದಾರೆ. ಅದಾದ ಮೇಲೆ ಆಂಟಿ-ರೋಲ್ ಬಾರ್, ಅಂದರೆ ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳು; ಅದನ್ನು ಯಾವ ರಂಧ್ರಕ್ಕೆ ಜೋಡಿಸುತ್ತೇವೆ ಎಂಬುದರ ಮೇಲೆ ಅದರ ಬಿಗಿ: ಮುಂದಿನದನ್ನು ಒಂದು ರಂಧ್ರ ಮೆತ್ತಗೆ ಮಾಡಿ, ಅಥವಾ ಹಿಂದಿನದನ್ನು ಒಂದು ರಂಧ್ರ ಗಟ್ಟಿ ಮಾಡಿ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹಿಂದಿನ ಬಾರ್ ಗಟ್ಟಿ ಮಾಡಿದ್ದರೆ, ಮಳೆ ಹನಿ ಬಿದ್ದೊಡನೆ ಮೊದಲು ಅದನ್ನು ಮೆತ್ತಗೆ ಮಾಡಿ. ಒಣ ಟ್ರ್ಯಾಕಿನಲ್ಲಿ ಹಿತವಾಗಿದ್ದ ಹಿಂಭಾಗ ಒದ್ದೆಯಲ್ಲಿ ಬ್ರೇಕ್ ಬಿಡುವ ಹೊತ್ತಿಗೇ ಜಾರುತ್ತದೆ.