“ಉಕ್ರೇನಿನವರು ಬೇಗ ಮೇಲೆ ಬಂದರು, ಪಾಕಿಸ್ತಾನದವರು ಯಾಕೆ ಬರಲಿಲ್ಲ?” ಎಂದು ಕೇಳುವವರಿಗೆ

ನಾನಿರುವುದು ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ, ಬ್ರಾಡ್‌ಫರ್ಡ್ ಪಕ್ಕದಲ್ಲಿ. ಅದು ಗೊತ್ತಾದ ಕೂಡಲೇ ಊರಿನ ನೆಂಟರೂ ಕೇಳುತ್ತಾರೆ, ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರೂ ಕೇಳುತ್ತಾರೆ. “ಅಲ್ಲಿ ಪಾಕಿಸ್ತಾನದವರು ಅರವತ್ತು ವರ್ಷದಿಂದ ಇದ್ದಾರಂತೆ. ಆದರೂ ಅದೇ ಟ್ಯಾಕ್ಸಿ, ಅದೇ ಹಳೇ ಬೀದಿ, ಅದೇ ಬಡತನ. ಉಕ್ರೇನಿನವರು ಮೊನ್ನೆ ಯುದ್ಧ ಅಂತ ಬಂದರು, ಆಗಲೇ ಕೆಲಸ ಹಿಡಿದು ನೆಲೆ ನಿಂತರು. ಯಾಕೆ ಹೀಗೆ?”

ಕೇಳುವವರಲ್ಲಿ ಹೆಚ್ಚಿನವರ ಬಳಿ ಉತ್ತರ ಮೊದಲೇ ಇರುತ್ತದೆ. ಧರ್ಮ, ಸೋಮಾರಿತನ, ಸರ್ಕಾರದ ಭತ್ಯೆ. ನಾನು ತಲೆ ಆಡಿಸಲಿ ಅಂತ ಕಾಯುತ್ತಾರೆ. ನಾನು ಆಡಿಸುವುದಿಲ್ಲ. ಯಾರು ಬಂದರು, ಯಾವ ವರ್ಷ ಬಂದರು, ಯಾವ ಕಾಗದ ಹಿಡಿದು ಬಂದರು, ಬಂದಾಗ ಇಲ್ಲಿ ಯಾವ ಕೆಲಸ ಇತ್ತು, ಆ ಕೆಲಸ ಆಮೇಲೆ ಏನಾಯಿತು. ಇಷ್ಟನ್ನು ನೋಡಿದರೆ ಉತ್ತರದ ಬಹುಪಾಲು ಸಿಗುತ್ತದೆ.

ಮೊದಲು ಒಂದು ಮಾತು. ಉಕ್ರೇನಿನವರು ಬ್ರಾಡ್‌ಫರ್ಡಿಗೆ ಬಂದದ್ದು 2022ರಲ್ಲಿ ಅಲ್ಲ. ಪಾಕಿಸ್ತಾನದವರಿಗಿಂತ ಮೊದಲೇ ಅವರು ಇಲ್ಲಿದ್ದರು, ಮುಂದೆ ಪಾಕಿಸ್ತಾನದವರು ಸೇರಿದಂಥ ಉಣ್ಣೆ ಮಿಲ್ಲುಗಳಲ್ಲೇ ದುಡಿಯುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿ, ಆಸ್ಟ್ರಿಯಾದ ಶಿಬಿರಗಳಲ್ಲಿ ಲಕ್ಷಾಂತರ ಜನ ಉಳಿದುಬಿಟ್ಟಿದ್ದರು. ಊರು ಸೋವಿಯತ್ ಕೈಯಲ್ಲಿ, ವಾಪಸ್ ಹೋಗಲು ಭಯ. ಬ್ರಿಟನ್ನಿಗೆ ಕೂಲಿಯವರು ಬೇಕಿತ್ತು. 1947ರಿಂದ ‘ಯುರೋಪಿಯನ್ ವಾಲಂಟರಿ ವರ್ಕರ್’ ಎಂಬ ಹೆಸರಿನಲ್ಲಿ ಶಿಬಿರಗಳಿಂದ ಆರಿಸಿ ತಂದರು. ಅವರಲ್ಲಿ ಉಕ್ರೇನಿನವರು ಸಾವಿರಾರು. ಇಟಲಿಯ ರಿಮಿನಿಯಲ್ಲಿ ಸೆರೆಯಲ್ಲಿದ್ದ ಸುಮಾರು 8,000 ಉಕ್ರೇನಿ ಸೈನಿಕರನ್ನೂ ಅದೇ ವರ್ಷ ಇಲ್ಲಿಗೆ ತಂದರು.

ಹೆಸರಿನಲ್ಲಿ ‘ವಾಲಂಟರಿ’ ಅಂತ ಇದ್ದರೂ ಕೆಲಸ ಅವರ ಇಷ್ಟದ್ದಲ್ಲ. ಹೊಲ, ಗಣಿ, ಬಟ್ಟೆ ಮಿಲ್ಲು, ಆಸ್ಪತ್ರೆಯ ಕಸಮುಸುರೆ. ಕಾರ್ಮಿಕ ಇಲಾಖೆ ಹೇಳಿದಲ್ಲೇ ದುಡಿಯಬೇಕು, ಕೇಳದೆ ಬಿಡುವಂತಿಲ್ಲ. ಓದಿದವರೂ ಅವರಲ್ಲಿದ್ದರು, ಅವರೂ ಮಿಲ್ಲಿನಲ್ಲೇ ನಿಂತರು. ಕೆಲವೇ ವರ್ಷಗಳಲ್ಲಿ ಆ ಕಟ್ಟು ಸಡಿಲವಾಯಿತು. ಕೆನಡಾ, ಅಮೆರಿಕಕ್ಕೆ ಹೊರಟವರೂ ಬೇಕಾದಷ್ಟು.

ಉಳಿದವರ ಆರ್ಥಿಕ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಎರಡು ಸಂಗತಿ. ಒಂದು, ಅವರಿಗೆ ಹಣ ಕಳಿಸಲು ಊರೇ ಇರಲಿಲ್ಲ. ಪತ್ರ ಬರೆದರೂ ಅಲ್ಲಿನ ಮನೆಯವರಿಗೆ ಅಪಾಯ. ದುಡಿದದ್ದೆಲ್ಲ ಇಲ್ಲಿಯೇ ಮನೆ, ಚರ್ಚು, ಕ್ಲಬ್ಬು, ಶನಿವಾರದ ಭಾಷಾಶಾಲೆ ಆಯಿತು. ಎರಡು, ಅವರ ಮಕ್ಕಳು ದೊಡ್ಡವರಾದಾಗ ಬಣ್ಣ ನೋಡಿ ಯಾರೂ ಗುರುತಿಸುವಂತಿರಲಿಲ್ಲ. ಇಂಗ್ಲಿಷ್ ಶಾಲೆ, ಇಂಗ್ಲಿಷ್ ಉಚ್ಚಾರ. ಬೇಕಿದ್ದರೆ ಹೆಸರನ್ನು ಸ್ವಲ್ಪ ಮೊಟಕು ಮಾಡಿಕೊಂಡರೆ ಮುಗಿಯಿತು. ಮಿಲ್ಲುಗಳು ಮುಚ್ಚುವ ಹೊತ್ತಿಗೆ ಮೊದಲ ತಲೆಮಾರು ರಿಟೈರಾಗುವ ವಯಸ್ಸಿಗೆ ಬಂದಿತ್ತು. ಮಕ್ಕಳಿಗೆ ಬೇರೆ ಕೆಲಸದ ದಾರಿ ತೆರೆದಿತ್ತು.

ಈಗ ಪಾಕಿಸ್ತಾನದವರ ಕಡೆಗೆ ಬರೋಣ. ಬ್ರಾಡ್‌ಫರ್ಡಿನವರು ಇಡೀ ಪಾಕಿಸ್ತಾನದಿಂದ ಬಂದವರಲ್ಲ. ಬಹುಪಾಲು ಜನರ ಮೂಲ ಮೀರ್‌ಪುರ. ಪಾಕಿಸ್ತಾನದ ಆಡಳಿತದಲ್ಲಿರುವ ಕಾಶ್ಮೀರದ ಒಂದು ಜಿಲ್ಲೆ ಅದು. ಮಳೆ ನಂಬಿದ ತುಂಡು ಭೂಮಿ, ಶಾಲೆ ಕಡಿಮೆ. ಗಂಡಸರು ಮೊದಲಿನಿಂದಲೂ ಬ್ರಿಟಿಷ್ ಹಡಗುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಹೋಗುತ್ತಿದ್ದರು. 1960ರ ದಶಕದಲ್ಲಿ ಝೇಲಂ ನದಿಗೆ ಮಂಗ್ಲಾ ಅಣೆಕಟ್ಟು ಕಟ್ಟಿದರು, 1967ರಲ್ಲಿ ಮುಗಿಯಿತು. ಹಳೇ ಮೀರ್‌ಪುರ ಪಟ್ಟಣವೇ ನೀರಿನಡಿ ಹೋಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ನೆಲ ಕಳೆದುಕೊಂಡರು. ಶರಾವತಿ ಕಣಿವೆಯವರಿಗೆ, ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಳುಗಡೆ ಅಂದರೆ ಸಾಕು. ಲಿಂಗನಮಕ್ಕಿಯ ಕೆಲಸ ಮುಗಿದದ್ದೂ ಅದೇ ದಶಕದಲ್ಲಿ, 1964ರಲ್ಲಿ. ಪರಿಹಾರದ ದುಡ್ಡು ಹಿಡಿದು ಎಷ್ಟೋ ಮೀರ್‌ಪುರದವರು ಮೊದಲೇ ಇಲ್ಲಿದ್ದ ಅಣ್ಣ, ಮಾವ, ಊರಿನವರ ಹಿಂದೆ ಇಂಗ್ಲೆಂಡಿಗೆ ಬಂದರು.

ಬಂದವರಿಗೆ ಸಿಕ್ಕಿದ್ದು ರಾತ್ರಿ ಪಾಳಿ. ಮಿಲ್ಲಿನವರು ದುಬಾರಿ ಹೊಸ ಯಂತ್ರ ಹಾಕಿದ್ದರು. ಹಗಲೂ ರಾತ್ರಿ ಓಡಿಸಿದರೆ ಮಾತ್ರ ಲಾಭ. ಹೆಂಗಸರನ್ನು ರಾತ್ರಿ ದುಡಿಸಲು ಕಾನೂನು ಬಿಡುತ್ತಿರಲಿಲ್ಲ, ಸ್ಥಳೀಯ ಗಂಡಸರಿಗೆ ಬೇಡವಾಗಿತ್ತು. ಹಾಗಾಗಿ ರಾತ್ರಿ ಪಾಳಿ ಎಂದರೆ ಪಾಕಿಸ್ತಾನದವರ ಪಾಳಿ ಎಂದಾಯಿತು. ಸುತ್ತ ನಿಂತವರೆಲ್ಲ ಊರಿನವರೇ. ಇಂಗ್ಲಿಷ್ ಕಲಿಯುವ ಅವಕಾಶವೂ ಇಲ್ಲ, ಅಗತ್ಯವೂ ಇಲ್ಲ. ಇನ್ನು ಬಾಡಿಗೆ ಮನೆ? 1968ರ ತನಕ ಬಣ್ಣದ ಕಾರಣಕ್ಕೆ ಮನೆ ಕೊಡುವುದಿಲ್ಲ, ಕೆಲಸ ಕೊಡುವುದಿಲ್ಲ ಎಂದು ಹೇಳುವುದು ಈ ದೇಶದಲ್ಲಿ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಇದನ್ನು ಓದಿದಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಬಾಡಿಗೆಗೆ ಸಿಗದವರು ಕೊಂಡರು. ಅವರಲ್ಲಿ ‘ಕಮಿಟಿ’ ಅಂತ ಒಂದು ಪದ್ಧತಿ ಇದೆ, ನಮ್ಮ ಚೀಟಿಯೇ ಅದು. ಹತ್ತಿಪ್ಪತ್ತು ಜನ ಸೇರಿ ಕಟ್ಟಿ, ಸರದಿಯಂತೆ ಎತ್ತಿ, ಮಿಲ್ಲಿನ ಹತ್ತಿರದ ಸಾಲುಮನೆಗಳನ್ನು ಅಗ್ಗದಲ್ಲಿ ತೆಗೆದುಕೊಂಡರು. ಇಂದಿಗೂ ಬ್ರಿಟನ್ನಿನ ಪಾಕಿಸ್ತಾನಿ ಕುಟುಂಬಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸ್ವಂತ ಮನೆಯಲ್ಲಿದ್ದಾರೆ. ಬಡತನದ ಲೆಕ್ಕ ಹೇಳುವವರು ಇದನ್ನು ಹೇಳುವುದೇ ಇಲ್ಲ. ಆದರೆ ಆ ಮನೆಗಳ ಬೆಲೆ ಲಂಡನ್ನಿನ ಮನೆಗಳಂತೆ ಏರಲಿಲ್ಲ. ಊರೇ ಬಿದ್ದಾಗ ಊರಿನ ಮನೆಯ ಬೆಲೆ ಹೇಗೆ ಏರುತ್ತದೆ?

ಊರು ಬಿದ್ದದ್ದು ಎಪ್ಪತ್ತು, ಎಂಬತ್ತರ ದಶಕಗಳಲ್ಲಿ. ಉಣ್ಣೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಒಂದು ಕಾಲಕ್ಕೆ ಈ ಊರಿನ ಹೆಮ್ಮೆಯಾಗಿದ್ದ ರೇಷ್ಮೆ ಮಿಲ್ಲು, ಮ್ಯಾನಿಂಗ್‌ಹ್ಯಾಮ್ ಮಿಲ್ಸ್, ಅದೂ 1992ರಲ್ಲಿ ನಿಂತಿತು. ಮೀರ್‌ಪುರದವರು ಆಗ ನಲವತ್ತು, ಐವತ್ತರ ವಯಸ್ಸಿನವರು. ಓದಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೇ, ಗೊತ್ತಿದ್ದ ಒಂದೇ ಕೆಲಸ ಹೋಯಿತು, ಮಕ್ಕಳು ಇನ್ನೂ ಚಿಕ್ಕವರು. ಟ್ಯಾಕ್ಸಿ ಹಿಡಿದದ್ದು ಆಗ. ಕಾರು, ಲೈಸೆನ್ಸು ಇದ್ದರೆ ಸಾಕು, ಯಾರ ಮುಂದೆಯೂ ಇಂಟರ್‌ವ್ಯೂಗೆ ಕೂರಬೇಕಾಗಿಲ್ಲ. ಟ್ಯಾಕ್ಸಿ, ತಿಂಡಿ ಅಂಗಡಿ, ಕಿರಾಣಿ ಅಂಗಡಿ. ನಮ್ಮ ಬೀದಿಯ ಟ್ಯಾಕ್ಸಿಯವರೊಬ್ಬರು ಹೇಳುತ್ತಿರುತ್ತಾರೆ, ಅಪ್ಪ ರಾತ್ರಿ ಮಿಲ್ಲಿಗೆ ಹೋಗುತ್ತಿದ್ದ, ನಾನು ರಾತ್ರಿ ಕಾರು ಓಡಿಸುತ್ತೇನೆ, ನಮ್ಮ ಮನೆಯಲ್ಲಿ ಗಂಡಸರು ರಾತ್ರಿ ಮಲಗಿದ್ದೇ ಇಲ್ಲ ಅಂತ. ಸೋಮಾರಿಗಳು ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಮಾತು.

ಕಾನೂನಿನ ಪಾತ್ರವೂ ಇದೆ. ಮೊದಲು ಬಂದವರು ಒಂಟಿ ಗಂಡಸರು. ಕೆಲವು ವರ್ಷ ದುಡಿದು ವಾಪಸ್ ಹೋಗುವುದು, ಬದಲಿಗೆ ತಮ್ಮನೋ ಮಗನೋ ಬರುವುದು, ಹಾಗೆ ನಡೆಯುತ್ತಿತ್ತು. ಕಾಮನ್‌ವೆಲ್ತ್ ದೇಶಗಳ ವಲಸೆಗೆ ಕಡಿವಾಣ ಹಾಕುವ 1962ರ ಕಾನೂನು ಬಾಗಿಲು ಮುಚ್ಚುತ್ತದೆ ಅಂತ ಗೊತ್ತಾದಾಗ ಅವಸರದಲ್ಲಿ ಬಂದವರು ಬಹಳ. ಒಮ್ಮೆ ಹೋದರೆ ಮತ್ತೆ ಬರಲು ಆಗುವುದೋ ಇಲ್ಲವೋ ಎಂಬ ಹೆದರಿಕೆಗೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ತಡೆಯಲು ಮಾಡಿದ ಕಾನೂನು ಅವರನ್ನು ಇಲ್ಲಿಯೇ ನೆಲೆಯೂರಿಸಿತು.

ಬಂದ ಹೆಂಗಸರಲ್ಲಿ ಶಾಲೆ ಕಂಡವರು ಕಡಿಮೆ. ಎಷ್ಟೋ ಜನ ಮನೆಯಲ್ಲೇ ಕೂತು ಪೀಸಿಗೆ ಇಷ್ಟು ಅಂತ ಬಟ್ಟೆ ಹೊಲಿದರು. ಆದರೆ ಹೊರಗೆ ಸಂಬಳಕ್ಕೆ ಹೋಗುವ ಹೆಂಗಸರು ಇವತ್ತಿಗೂ ಈ ಸಮುದಾಯದಲ್ಲಿ ಕಡಿಮೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಬ್ರಿಟನ್ನಿನ ಪಾಕಿಸ್ತಾನಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ, ಮನೆ ಖರ್ಚು ಕಳೆದ ಮೇಲೆ, ಬಡತನದ ಗೆರೆಯ ಕೆಳಗಿದ್ದಾರೆ. ದೊಡ್ಡ ಕಾರಣ ಇದೇ: ಒಂದು ಸಂಬಳ, ತಿನ್ನುವ ಬಾಯಿ ಐದಾರು. ಮಗನಿಗೋ ಮಗಳಿಗೋ ಊರಿನಿಂದ ಸಂಬಂಧ ತರುವ ಪದ್ಧತಿಯಿಂದ ಪ್ರತಿ ತಲೆಮಾರಿನಲ್ಲೂ ಗಂಡ ಹೆಂಡತಿಯರಲ್ಲಿ ಒಬ್ಬರು ಭಾಷೆಯಿಂದಲೇ ಶುರು ಮಾಡಬೇಕು. ಹೆಣ್ಣುಮಕ್ಕಳನ್ನು ಮನೆಯಲ್ಲಿಟ್ಟುಕೊಂಡ ಹಿರಿಯರ ಜವಾಬ್ದಾರಿ ಇದರಲ್ಲಿದೆ. ಮೊಮ್ಮಕ್ಕಳ ಕಾಲಕ್ಕೆ ಇದು ವೇಗವಾಗಿ ಬದಲಾಗುತ್ತಿದೆ ಎನ್ನುವುದೂ ಅಷ್ಟೇ ನಿಜ. ಇಂದು ಇಲ್ಲಿನ ಪಾಕಿಸ್ತಾನಿ ಮಕ್ಕಳು ಬಿಳಿ ಬ್ರಿಟಿಷ್ ಮಕ್ಕಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಯೂನಿವರ್ಸಿಟಿಗೆ ಹೋಗುತ್ತಿದ್ದಾರೆ.

ಡಿಗ್ರಿ ಬಂದ ಮೇಲೆ? ಆಕ್ಸ್‌ಫರ್ಡಿನ ನಫೀಲ್ಡ್ ಕಾಲೇಜಿನ ಸಂಶೋಧಕರು 2016, 17ರಲ್ಲಿ ಒಂದು ಪರೀಕ್ಷೆ ಮಾಡಿದರು. ಒಂದೇ ಓದು, ಒಂದೇ ಅನುಭವ, ಹೆಸರು ಮತ್ತು ಹಿನ್ನೆಲೆ ಮಾತ್ರ ಬೇರೆ ಇರುವ ಅರ್ಜಿಗಳನ್ನು ಕಂಪನಿಗಳಿಗೆ ಕಳಿಸಿದರು. ಬಿಳಿ ಬ್ರಿಟಿಷರಿಗೆ ಸಿಗುವಷ್ಟೇ ಉತ್ತರ ಸಿಗಬೇಕಾದರೆ ಪಾಕಿಸ್ತಾನಿ ಹಿನ್ನೆಲೆಯವರು 70% ಜಾಸ್ತಿ ಅರ್ಜಿ ಹಾಕಬೇಕಾಯಿತು. ಇಲ್ಲೇ ಹುಟ್ಟಿ, ಇಲ್ಲೇ ಓದಿದವರ ಪಾಡು ಇದು.

ಇನ್ನು 2022ರ ಉಕ್ರೇನಿನವರು. ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿ ಪ್ರಾಣ ಕಳೆದುಕೊಂಡ ಆ ಮಾರ್ಚ್ ತಿಂಗಳಲ್ಲೇ ಬ್ರಿಟನ್ ‘ಹೋಮ್ಸ್ ಫಾರ್ ಉಕ್ರೇನ್’ ಯೋಜನೆ ಶುರು ಮಾಡಿತು. ವೀಸಾಗೆ ಶುಲ್ಕ ಇಲ್ಲ. ಆಗ ಬಂದವರು ಮೂರು ವರ್ಷ ಇರಬಹುದಿತ್ತು. ಬಂದ ದಿನದಿಂದಲೇ ದುಡಿಯಬಹುದು, ಸರ್ಕಾರದ ಭತ್ಯೆ ಪಡೆಯಬಹುದು, ಆಸ್ಪತ್ರೆಗೆ ಹೋಗಬಹುದು. ಮನೆಯಲ್ಲಿಟ್ಟುಕೊಂಡ ಆತಿಥೇಯರಿಗೆ ತಿಂಗಳಿಗೆ 350 ಪೌಂಡ್. ಉಕ್ರೇನಿನವರಿಗಾಗಿ ಮಾಡಿದ ಎಲ್ಲ ಯೋಜನೆಗಳೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದರು. ಒಳ್ಳೆಯ ಕೆಲಸ, ಮಾಡಲೇಬೇಕಾದ ಕೆಲಸ.

ಅದೇ ಹೊತ್ತಿಗೆ ಮೀರ್‌ಪುರದಿಂದ ಗಂಡನ ಮನೆಗೆ ಬರುವ ಹೆಣ್ಣುಮಗಳ ಕಾಗದ ನೋಡಿ. ದೊಡ್ಡ ಶುಲ್ಕ, ಜೊತೆಗೆ ಆಸ್ಪತ್ರೆ ಸರ್ಚಾರ್ಜು ಈಗ ವರ್ಷಕ್ಕೆ 1,035 ಪೌಂಡ್. ಗಂಡನ ಆದಾಯ 29,000 ಪೌಂಡ್ ಇರಬೇಕು ಎಂಬ ನಿಯಮ 2024ರಲ್ಲಿ ಬಂತು, ಅಲ್ಲಿಯ ತನಕ 18,600 ಇತ್ತು. ಭತ್ಯೆ ಮುಟ್ಟುವಂತಿಲ್ಲ. ಇಬ್ಬರೂ ವಲಸೆ ಬಂದವರೇ. ಒಬ್ಬರಿಗೆ ಕೈಗೆ ಕೊಟ್ಟು ಕರೆದರು, ಇನ್ನೊಬ್ಬರಿಂದ ಮೊದಲೇ ಕಿತ್ತುಕೊಂಡು ಕರೆದರು.

ಹಾಗಂತ ಉಕ್ರೇನಿನವರು ಆರಾಮಾಗಿದ್ದಾರೆ ಅಂದುಕೊಳ್ಳಬೇಡಿ. ಬಂದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಹದಿನೆಂಟರಿಂದ ಅರವತ್ತರೊಳಗಿನ ಗಂಡಸರು ದೇಶ ಬಿಡದಂತೆ ಅಲ್ಲಿ ತಡೆ ಹಾಕಿದ್ದರು. ವರ್ಷ ತುಂಬುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ವಯಸ್ಕರು ಕೆಲಸ ಹಿಡಿದರು, ಅದು ನಿಜ. ಎಂಥ ಕೆಲಸ? ನನಗೆ ಗೊತ್ತಿರುವ ಒಬ್ಬರು ಅಲ್ಲಿ ಅಕೌಂಟೆಂಟ್ ಆಗಿದ್ದರು. ಇಲ್ಲಿ ವೃದ್ಧಾಶ್ರಮದಲ್ಲಿ ಹಾಸಿಗೆ ಬದಲಿಸುತ್ತಾರೆ. ಸಂಬಳ ಒಂದು, ಮಗು ಒಂದು, ಬಾಡಿಗೆ ಮನೆಗೆ ಜಾಮೀನು ನಿಲ್ಲುವವರು ಯಾರೂ ಇಲ್ಲ. ಆತಿಥೇಯರ ಮನೆ ಬಿಟ್ಟ ಮೇಲೆ ಮನೆಯಿಲ್ಲದೆ ಕೌನ್ಸಿಲ್ಲಿನ ಮುಂದೆ ನಿಂತ ಉಕ್ರೇನಿ ಕುಟುಂಬಗಳು ಸಾವಿರಾರು. ಮೂರು ವರ್ಷದ ವೀಸಾ ಮುಗಿಯುತ್ತ ಬಂದಾಗ, 2025ರಲ್ಲಿ, ಹದಿನೆಂಟು ತಿಂಗಳು ಮುಂದುವರಿಸಿದರು. ಆದರೆ ಈ ವರ್ಷಗಳು ಇಲ್ಲಿ ಕಾಯಂ ಆಗಿ ನೆಲೆಸುವ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ತುಂಡು ತುಂಡಾಗಿ ಸಿಗುವ ವೀಸಾ ಇರುವವರಿಗೆ ಯಾವ ಬ್ಯಾಂಕು ಮನೆ ಸಾಲ ಕೊಡುತ್ತದೆ ಹೇಳಿ? ಮೂರು ವರ್ಷದ ಕೋರ್ಸಿಗೆ ಅವರು ಯಾವ ಧೈರ್ಯದ ಮೇಲೆ ಸೇರಬೇಕು?

“ಎಲ್ಲಾ ಸರಿ, ಆದರೂ ಪಾಕಿಸ್ತಾನದವರ ಸ್ವಭಾವ...” ಅಂತ ಕೆಲವರು ಬಿಡದೆ ಕೇಳುತ್ತಾರೆ. ಅವರಿಗೆ ನಾನು ಅಮೆರಿಕ ತೋರಿಸುತ್ತೇನೆ. ಅಲ್ಲಿನ ಪಾಕಿಸ್ತಾನಿ ಕುಟುಂಬಗಳ ಆದಾಯ ಆ ದೇಶದ ಸರಾಸರಿ ಕುಟುಂಬಕ್ಕಿಂತ ಹೆಚ್ಚು. ಅವರೂ ಪಾಕಿಸ್ತಾನದಿಂದಲೇ ಹೋದವರು, ಧರ್ಮವೂ ಅದೇ. ಅಮೆರಿಕದ 1965ರ ಕಾನೂನು ವಿದ್ಯಾವಂತರಿಗೆ ಬಾಗಿಲು ತೆರೆಯಿತು. ಹೋದವರಲ್ಲಿ ಲಾಹೋರ್, ಕರಾಚಿಯ ಡಾಕ್ಟರು, ಇಂಜಿನಿಯರುಗಳು ಬಹಳ. ಇಲ್ಲಿನ ಮಿಲ್ಲುಗಳಿಗೆ ಬೇಕಿದ್ದದ್ದು ರಾತ್ರಿ ನಿದ್ದೆಗೆಡುವ ಕೈಗಳು. ಎರಡು ದೇಶಗಳೂ ತಮಗೆ ಬೇಕಾದವರನ್ನು ಕರೆದುಕೊಂಡವು.

ನಾವು ಕನ್ನಡದವರು ಇಲ್ಲಿಗೆ ಬಂದದ್ದೂ ಸೋಸಿಕೊಂಡೇ ಅಲ್ವಾ? ಆಸ್ಪತ್ರೆಗೆ ಡಾಕ್ಟರು ಬೇಕು, ಕಂಪನಿಗೆ ಸಾಫ್ಟ್‌ವೇರಿನವರು ಬೇಕು. ಮೈಸೂರಲ್ಲೋ ದಾವಣಗೆರೆಯಲ್ಲೋ ಓದು ಮುಗಿಸಿ, ಇಂಗ್ಲಿಷ್ ಕಲಿತು, ಆಫರ್ ಲೆಟರ್ ಹಿಡಿದು ವಿಮಾನ ಹತ್ತಿದವರು ನಾವು. ಲಿಂಗನಮಕ್ಕಿಯ ಮುಳುಗಡೆಯವರನ್ನು 1964ರಲ್ಲಿ ಒಟ್ಟಿಗೆ ತಂದು ಇದೇ ಮಿಲ್ಲಿನ ರಾತ್ರಿ ಪಾಳಿಗೆ ನಿಲ್ಲಿಸಿದ್ದರೆ ಇವತ್ತು ಅವರ ಮೊಮ್ಮಕ್ಕಳು ಎಲ್ಲಿರುತ್ತಿದ್ದರು ಅಂತ ಯೋಚಿಸಿ. ಮೀರ್‌ಪುರದವರ ಜೊತೆ ಹೋಲಿಸಬೇಕಾದದ್ದು ಅವರನ್ನು, ಆಫರ್ ಲೆಟರಿನವರನ್ನಲ್ಲ.

ಕೊನೆಗೆ ಅಂಕಿಅಂಶದ ಬಗ್ಗೆ ಒಂದು ಎಚ್ಚರಿಕೆ. ಹೋಲಿಕೆಗೆ ಜನ ಹಿಡಿಯುವ ಇಂಗ್ಲೆಂಡಿನ ಸೆನ್ಸಸ್ ನಡೆದದ್ದು 2021ರ ಮಾರ್ಚಿನಲ್ಲಿ. ಬ್ರಾಡ್‌ಫರ್ಡಿನಲ್ಲಿ ನೂರಕ್ಕೆ ಇಪ್ಪತ್ತೈದು ಜನ ಪಾಕಿಸ್ತಾನಿ ಮೂಲದವರು ಅಂತ ಅದು ಹೇಳುತ್ತದೆ. ಯುದ್ಧದಿಂದ ಓಡಿ ಬಂದ ಉಕ್ರೇನಿನವರು ಅದರಲ್ಲಿ ಇಲ್ಲವೇ ಇಲ್ಲ. ಅವರು ಬಂದದ್ದು ಒಂದು ವರ್ಷದ ಮೇಲೆ. ಮುಂದಿನ ಸೆನ್ಸಸ್ 2031ಕ್ಕೆ. ಅಷ್ಟರಲ್ಲಿ ಆ ಅಕೌಂಟೆಂಟ್ ಲೆಕ್ಕದ ಕೆಲಸಕ್ಕೆ ಮರಳಿರುತ್ತಾರೋ, ವೃದ್ಧಾಶ್ರಮದಲ್ಲೇ ಇರುತ್ತಾರೋ, ಈ ದೇಶದಲ್ಲೇ ಇರುತ್ತಾರೋ ಎನ್ನುವುದನ್ನು ನಿರ್ಧರಿಸುವುದು ಹೆಚ್ಚಾಗಿ ಅವರ ವೀಸಾ.