ವಾಗ್ದಾನದ ವಚನದ ಮೇಲೂ ಓದಿ, ಕೆಳಗೂ ಓದಿ

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ತಟ್ಟೆಯಿಂದ, ಬೈಬಲಿನ ಒಂದು ವಚನ ಬರೆದ ವಾಗ್ದಾನದ ಕಾರ್ಡು ಎತ್ತುವಾಗ ಮತ್ತೆ ಮತ್ತೆ ಕೈಗೆ ಬರುವ ವಚನ ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಅಹಿತದ್ದಲ್ಲ, ಹಿತದ್ದೇ ಎಂದು ದೇವರು ಹೇಳುವ ಮಾತು. ಗೋಡೆಯ ಕ್ಯಾಲೆಂಡರಿನಲ್ಲಿ, ಆಟೋದ ಹಿಂದೆ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಎಲ್ಲೆಲ್ಲೂ ಇದೆ. ವಚನ ಸತ್ಯ. ಆದರೆ ಅದನ್ನು ಹಿಡಿದುಕೊಂಡು ಯಾರಾದರೂ ‘ಈ ಯುಗಾದಿಯೊಳಗೆ ನಿನ್ನ ಸಾಲ ತೀರುತ್ತದೆ, ಸೈಟು ಸಿಗುತ್ತದೆ’ ಎಂದರೆ, ಆ ಮಾತು ವಚನದಲ್ಲಿಲ್ಲ. ಇಲ್ಲ ಎಂದು ತಿಳಿಯಲು ಹೀಬ್ರೂ ಕಲಿಯಬೇಕಾಗಿಲ್ಲ, ಒಂದು ವಚನ ಮೇಲಕ್ಕೆ ಹೋದರೆ ಸಾಕು.

10ನೇ ವಚನದಲ್ಲಿ ಬಾಬೆಲಿನ 70 ವರ್ಷ ತುಂಬಿದ ಮೇಲೆ ಎಂದಿದೆ. ಈ ಅಧ್ಯಾಯ ಒಂದು ಕಾಗದ. ಸೆರೆಯಾಗಿ ಬಾಬೆಲಿಗೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದದ್ದು. ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಆ ಪಟ್ಟಣಕ್ಕಾಗಿ ಪ್ರಾರ್ಥಿಸಿರಿ ಎಂದು ಶುರುವಾಗುತ್ತದೆ. ಅಂದರೆ ಬೇಗ ಊರಿಗೆ ಬರುವ ಆಸೆ ಬಿಡಿ ಎಂದೇ ಅರ್ಥ. ಆ ಕಾಗದ ಓದಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಮತ್ತೆ ಯೆರೂಸಲೇಮ್ ನೋಡುವಂತಿರಲಿಲ್ಲ. ಹಿತದ ಯೋಚನೆ ಇತ್ತು, ಅದು ಮೊಮ್ಮಕ್ಕಳ ಕಾಲಕ್ಕೆ ಮುಟ್ಟುವಂಥದ್ದಾಗಿತ್ತು. ಅದೇ ಕಾಗದದ 8 ಮತ್ತು 9ನೇ ವಚನದಲ್ಲಿ, ನಿಮ್ಮ ನಡುವಿನ ಪ್ರವಾದಿಗಳಿಂದ ಮೋಸಹೋಗಬೇಡಿರಿ ಎಂಬ ಎಚ್ಚರಿಕೆ ಇದೆ. ಸುಳ್ಳು ಬೋಧನೆಗೆ ಹೆಚ್ಚು ಬಳಕೆಯಾಗುವ ವಚನದಿಂದ ಎರಡೇ ವಚನ ಮೇಲೆ ಆ ಎಚ್ಚರಿಕೆ ಕೂತಿರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಹಿಂದಿನ ಅಧ್ಯಾಯ, 28, ಇನ್ನೂ ನಿಧಾನವಾಗಿ ಓದಬೇಕು. ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ, ಯಾಜಕರ ಎದುರಿಗೆ, ಎರಡೇ ವರ್ಷದೊಳಗೆ ಎಲ್ಲ ಸರಿಹೋಗುತ್ತದೆ ಎಂದು ಸಾರಿದ. ಹೇಗೆ ಶುರುಮಾಡಿದ? ‘ಸೇನಾಧೀಶ್ವರನಾದ ಯೆಹೋವನು ಹೀಗನ್ನುತ್ತಾನೆ’ ಎಂದೇ. ಯೆರೆಮೀಯ ಬಳಸುವುದೂ ಅದೇ ಮಾತು. ಸ್ಥಳ ಅದೇ, ಜನ ಅದೇ, ದೇವರ ಹೆಸರೂ ಅದೇ. ಬಾಬೆಲಿನ ಅರಸನಿಗೆ ಅಧೀನರಾಗಿರಬೇಕೆಂಬ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಹನನ್ಯ ಎಲ್ಲರ ಮುಂದೆ ಮುರಿದು ಹಾಕಿದ. ನೋಡಿದವರಿಗೆ ಅದೇ ದೊಡ್ಡ ಅಭಿಷೇಕದಂತೆ ಕಂಡಿರಬೇಕು. ಅವನು ಇದನ್ನು ಹೇಳಿದ್ದು ಐದನೇ ತಿಂಗಳಲ್ಲಿ, ಸತ್ತದ್ದು ಅದೇ ವರ್ಷ ಏಳನೇ ತಿಂಗಳಲ್ಲಿ. ಆದ್ದರಿಂದ ‘ಕರ್ತರು ನನಗೆ ಹೇಳಿದರು’ ಎಂಬ ಮಾತು ಬೋಧನೆಗೆ ಗುರುತಿನ ಚೀಟಿಯಲ್ಲ. ವೇದಿಕೆಯ ಮೇಲಿನ ಧೈರ್ಯವೂ ಅಲ್ಲ.

ಹೇಳಿದ್ದು ನಡೆಯದಿದ್ದರೆ ಸುಳ್ಳು ಪ್ರವಾದಿ ಎಂಬ ಪರೀಕ್ಷೆ ಧರ್ಮೋಪದೇಶಕಾಂಡ 18:22ರಲ್ಲಿದೆ, ಇದು ಬಹಳ ಮಂದಿಗೆ ಗೊತ್ತು. 13ನೇ ಅಧ್ಯಾಯದ ಮೊದಲ ವಚನಗಳು ಮಾತ್ರ ಸಭೆಗಳಲ್ಲಿ ಕಿವಿಗೆ ಬೀಳುವುದು ಕಡಿಮೆ. ಸೂಚಕಕಾರ್ಯ ನಿಜವಾಗಿ ನಡೆದರೂ, ಆ ಮನುಷ್ಯ ನಿಮ್ಮನ್ನು ಬೇರೆ ದೇವರ ಕಡೆಗೆ ಕರೆದರೆ ಕಿವಿಗೊಡಬೇಡಿ ಎನ್ನುತ್ತದೆ ಅದು. ‘ಹೇಳಿದ ಹಾಗೇ ಆಯ್ತಲ್ಲ’ ಎಂಬುದೊಂದೇ ಸಾಕಾಗುವುದಿಲ್ಲ.

ಹಾಗಾದರೆ ಕೂತು ಪರೀಕ್ಷಿಸುವುದು ಹೇಗೆ? ಬೋಧನೆ ಕೇಳುವಾಗ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದುಕೊಳ್ಳಿ: ಯಾವ ವಚನ, ಅದರಿಂದ ಏನು ಹೇಳಿದರು, ಕೊನೆಗೆ ನಮ್ಮಿಂದ ಏನು ಕೇಳಿದರು. ಮೂರನೇ ಸಾಲು ಬಿಡಲೇಬಾರದು. ಮನೆಗೆ ಬಂದು ಆ ವಚನದ ಮೇಲೆ ಹತ್ತು, ಕೆಳಗೆ ಹತ್ತು ವಚನ ಓದಿ. ಇದು ಯಾರು ಯಾರಿಗೆ ಹೇಳಿದ್ದು, ಯಾವ ಸಂದರ್ಭದಲ್ಲಿ ಎಂದು ಕೇಳಿಕೊಳ್ಳಿ. ಪತ್ರಿಕೆ ಚಿಕ್ಕದಾದರೆ ಇಡಿಯಾಗಿ ಓದಿ, ಗಲಾತ್ಯದವರಿಗೆ ಬರೆದದ್ದು ಆರೇ ಅಧ್ಯಾಯ. ಸಿರುಗುಪ್ಪ, ರಾಯಚೂರು ಕಡೆ ನಾವು ತೆಲುಗು ಬೋಧನೆ ಬಹಳ ಕೇಳುತ್ತೇವೆ, ವೇದಿಕೆಯಲ್ಲಿ ಪಕ್ಕದವರು ಕನ್ನಡ ಮಾಡುತ್ತಿರುತ್ತಾರೆ. ಆ ಓಟದಲ್ಲಿ ‘ಆಗಬಹುದು’ ಎಂಬುದು ‘ಆಗುತ್ತದೆ’ ಆಗಿಬಿಡುತ್ತದೆ. ಅಧ್ಯಾಯ, ವಚನದ ಅಂಕಿ ಬರೆದುಕೊಂಡಿದ್ದರೆ ಕನ್ನಡ ಸತ್ಯವೇದದಲ್ಲಿ ತಾಳೆ ನೋಡಬಹುದು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತದ್ದು ಇದೇ ಊರಿನಲ್ಲಿ. ಇಷ್ಟು ಹತ್ತಿರದಿಂದ ಬಂದ ಪುಸ್ತಕವನ್ನು ನಾವು ತೆರೆಯದೆ ಇಡಬಾರದು. ಬೆರೋಯದವರು ಪೌಲನ ಮಾತನ್ನೇ ದಿನಾಲೂ ಶಾಸ್ತ್ರಗಳಲ್ಲಿ ಹುಡುಕಿ ನೋಡಿದರು, ಅದಕ್ಕಾಗಿ ಅವರನ್ನು ಹೊಗಳಿದೆ (ಅಪೊಸ್ತಲರ ಕೃತ್ಯಗಳು 17:11). ಪರೀಕ್ಷಿಸುವುದು ಸಭೆಯ ಅಯ್ಯನವರಿಗೆ ಅಗೌರವ ಎನ್ನುವವರಿಗೆ ಈ ವಚನ ತೋರಿಸಿ.

ಎಲ್ಲಕ್ಕಿಂತ ಮೊದಲು ಯೇಸು ಯಾರೆಂದು ಹೇಳುತ್ತಿದ್ದಾರೆ ನೋಡಬೇಕು. 1 ಯೋಹಾನ 4:2 ಇಡುವ ಒರೆಗಲ್ಲು ಅದೇ: ಯೇಸು ಕ್ರಿಸ್ತನು ಮನುಷ್ಯನಾಗಿ ಬಂದನೆಂದು ಒಪ್ಪುವುದು. 325ರಲ್ಲಿ ನೈಸಿಯದ ಸಮ್ಮೇಳನದಲ್ಲಿ ರೂಪುಗೊಂಡು, 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ವಿಸ್ತಾರಗೊಂಡು, ಈಗಲೂ ಸಭೆಗಳಲ್ಲಿ ಹೇಳುವ ವಿಶ್ವಾಸ ಪ್ರಮಾಣ ಇಂಥ ಪ್ರಶ್ನೆಗೇ ಉತ್ತರ. ಶಿಲುಬೆ, ಪುನರುತ್ಥಾನ, ಪಶ್ಚಾತ್ತಾಪ ಇವು ತಿಂಗಳುಗಟ್ಟಲೆ ಬಾಯಿಗೇ ಬರದೆ, ಬರೀ ಆಶೀರ್ವಾದ, ಶತ್ರುನಾಶ, ಮಾಟಮಂತ್ರದ ಬಿಡುಗಡೆ ಮಾತ್ರ ಬರುತ್ತಿದ್ದರೆ ಅದೂ ಲಕ್ಷಣವೇ. ಹೇಳಿದ್ದರಲ್ಲಿ ತಪ್ಪಿಲ್ಲದಿದ್ದರೂ ಬಿಟ್ಟದ್ದರಲ್ಲಿ ತಪ್ಪಿರಬಹುದು. ಲೋಕಾಂತ್ಯಕ್ಕೆ ತಾರೀಖು ಕೊಡುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಆ ದಿನ ಯಾರಿಗೂ ಗೊತ್ತಿಲ್ಲ ಎನ್ನುವ ಮಾರ್ಕ 13:32 ಸಾಕು.

ಹಣದ ವಿಷಯಕ್ಕೆ ಬರೋಣ. ‘ಬೀಜದ ಕಾಣಿಕೆ’ ಹಾಕಿದರೆ ನೂರರಷ್ಟು ಬರುತ್ತದೆ ಎನ್ನುವವರು, ಹೆಚ್ಚಾಗಿ ಬಿತ್ತುವವನು ಹೆಚ್ಚಾಗಿ ಕೊಯ್ಯುವನು ಎಂಬ 2 ಕೊರಿಂಥ 9:6 ಓದುತ್ತಾರೆ. ಮುಂದಿನ ವಚನದಲ್ಲೇ, ಬಲವಂತದಿಂದ ಕೊಡಬಾರದು ಎಂದಿದೆ. ಆ ಹಣ ಪೌಲನಿಗೂ ಅಲ್ಲ, ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ. ಇನ್ನೂ ಹಿಂದೆ 8:20ರಲ್ಲಿ, ಈ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದೆಂದು ಪೌಲನು ತೀತನ ಜೊತೆ ಬೇರೆ ಸಹೋದರರನ್ನೂ ಕಳಿಸುತ್ತಾನೆ. ಆದ್ದರಿಂದ ಕೇಳಿ: ಕಾಣಿಕೆ ಎಣಿಸುವವರು ಕನಿಷ್ಠ ಇಬ್ಬರಿದ್ದಾರೆಯೇ? ರಸೀದಿ ಇದೆಯೇ? ವರ್ಷದ ಲೆಕ್ಕ ಸಭೆಯ ಮುಂದೆ ಓದುತ್ತಾರೆಯೇ? ಕ್ಯೂಆರ್ ಕೋಡು ಸಭೆಯ ಖಾತೆಯದೋ, ಒಬ್ಬ ವ್ಯಕ್ತಿಯದೋ? ಗಂಗಾವತಿ, ಸಿಂಧನೂರಿನ ರೈತರು ಬಿತ್ತುವ ಮೊದಲು 100 ಭತ್ತದ ಕಾಳು ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, 80 ಮೊಳೆಯದಿದ್ದರೆ ಆ ಬೀಜ ಬೇಡ ಎನ್ನುತ್ತಾರೆ. ಕಾಣಿಕೆಗೂ ಅಷ್ಟೇ ಜಾಗ್ರತೆ ಬೇಕು. ಮೊದಲ ಶತಮಾನಗಳ ಸಭೆಗಳು ಬಳಸುತ್ತಿದ್ದ ದಿದಾಖೆ ಎಂಬ ಪುಸ್ತಕದಲ್ಲಿ, ಊರೂರು ತಿರುಗುವ ಬೋಧಕ ಮೂರು ದಿನ ಉಳಿದರೆ, ಹೊರಡುವಾಗ ಹಣ ಕೇಳಿದರೆ ಅವನು ಸುಳ್ಳು ಪ್ರವಾದಿ ಎಂದೇ ಬರೆದಿದೆ.

ಸ್ವಸ್ಥತೆಯ ಸುಳ್ಳಿನಿಂದ ಪ್ರಾಣವೇ ಹೋಗಬಹುದು. ದೇವರು ಗುಣಪಡಿಸುತ್ತಾನೆ ಎಂಬುದು ನಮ್ಮ ನಂಬಿಕೆ. ಆದರೆ ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಯಾಜಕರಿಗೆ ತೋರಿಸಿಕೊಳ್ಳಲು ಕಳಿಸಿದ (ಲೂಕ 17:14). ಗುಣವಾದದ್ದನ್ನು ನೋಡಿ ಹೇಳಬೇಕಾದವರು ಆಗ ಅವರೇ. ಇವತ್ತು ಆ ಕೆಲಸ ಡಾಕ್ಟರದು. ‘ಮಾತ್ರೆ ಬಿಡು, ನಂಬು’ ಎಂದ ಕ್ಷಣವೇ ಅಲ್ಲಿಂದ ಎದ್ದು ಬನ್ನಿ. ಸಾಮಾನ್ಯ ಟಿಬಿಗೆ ಆರು ತಿಂಗಳ ಮಾತ್ರೆ. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು, ಸಾಕ್ಷಿ ಹೇಳಿ ಬಿಟ್ಟರೆ ರೋಗ ಮರಳಬಹುದು, ಮತ್ತೆ ಅದೇ ಮಾತ್ರೆಗೆ ಬಗ್ಗದೆಯೂ ಇರಬಹುದು. ಮನೆಯವರಿಗೂ ಅಂಟಬಹುದು. ಗುಣವಾಗದವನಿಗೆ ‘ನಿನ್ನಲ್ಲಿ ವಿಶ್ವಾಸ ಇಲ್ಲ’ ಎನ್ನುವುದು ಕ್ರೂರ. ಪೌಲನು ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದ (2 ತಿಮೊಥೆ 4:20). ಅವನಿಗೆ ವಿಶ್ವಾಸ ಕಡಿಮೆ ಎಂದು ಎಲ್ಲೂ ಬರೆದಿಲ್ಲ.

ಯೆರೆಮೀಯ 29:11 ಹಿಡಿದು ಇಂಥ ಭರವಸೆ ಕೊಡುವ ಮೆಸೇಜು ಮನೆಯ ಹಿರಿಯರಿಂದಲೇ ಬಂದರೆ ಗ್ರೂಪಿನಲ್ಲಿ ಎಲ್ಲರೆದುರು ತಿದ್ದಬೇಡಿ. ಅವರು ಕಳಿಸಿದ್ದು ಪ್ರೀತಿಯಿಂದ. ಸಂಜೆ ಬೈಬಲ್ ಹಿಡಿದು ಹತ್ತಿರ ಕೂತು, ‘ದೊಡ್ಡವ್ವಾ, ಇದರ ಮ್ಯಾಲಿಂದೂ ಒಂದೀಟು ಓದೂಣು ಬಾ’ ಎಂದರೆ ಅವರೇ 10ನೇ ವಚನ ಓದುತ್ತಾರೆ. ಹನನ್ಯನ ಮಾತು ಕೇಳಿದಾಗ ಯೆರೆಮೀಯನೂ ಮೊದಲು ಹೇಳಿದ್ದು ‘ಆಮೆನ್, ಯೆಹೋವನು ಹಾಗೇ ಮಾಡಲಿ’ ಎಂದೇ, 28:6ರಲ್ಲಿದೆ. ‘ಆದರೂ’ ಎಂದದ್ದು ಆಮೇಲೆ.