ಬಾಟಲಿ ಅಲುಗಾಡಿಸಿದ್ರೇನ್ರೀ?

ಕಾರಟಗಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್. ಭತ್ತದ ಕೊಯ್ಲು ಬಂತೆಂದರೆ ಕೆಂಪು ಕಣ್ಣುಗಳ ಸಾಲು ಶುರು. ಮಷಿನ್ನಿನ ಧೂಳು, ಮಿಲ್ಲಿನ ಹೊಟ್ಟು, ಗಾಳಿಗೆ ಹಾರಿದ ತೆನೆಯ ಮುಳ್ಳು, ಯಾವುದು ಗೀರಿದರೂ ಸಾಕು. ಆ ಗೀರಿನಲ್ಲಿ ಬೂಷ್ಟು ಬೇರೂರಿದರೆ ಕರಿಗುಡ್ಡೆಯ ಮೇಲೆ ಹುಣ್ಣಾಗುತ್ತದೆ.

ಕೆಲವು ವರ್ಷಗಳ ಹಿಂದೆ ರೈಸ್ ಮಿಲ್ಲಿನ ಹಮಾಲಿಯೊಬ್ಬರು ಗಂಗಾವತಿಯ ಕಣ್ಣಿನ ಡಾಕ್ಟರರ ಚೀಟಿ ತಂದಿದ್ದರು. ಡಾಕ್ಟರು ಹುಣ್ಣನ್ನು ಕೆರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಬೂಷ್ಟಿಗೆ ಹಾಕುವ ಕಣ್ಣಿನ ಹನಿ, ಶೇ. 5ರ ನಾಟಾಮೈಸಿನ್ ಬರೆದಿದ್ದರು. ಅಂಗಡಿ ತುಂಬ ಜನ. 'ತಾಸಿಗೊಂದು ಹನಿ ಹಾಕ್ರಿ' ಎಂದು ಕೊಟ್ಟು ಕಳಿಸಿದೆ. ಅಷ್ಟೇ ಹೇಳಿದ್ದು.

ವಾರದ ಮೇಲೆ ತಿರುಗಿ ಬಂದರು. 'ಸರ್, ನೀರು ಹಾಕಿದಂಗ ಆಗ್ತದ, ಏನೂ ಕಡಿಮಿ ಇಲ್ಲ. ಬ್ಯಾರೆ ಕೊಡ್ರಿ.' ಬಾಟಲಿ ಇಸಿದುಕೊಂಡು ನನ್ನ ಅಂಗೈಗೆ ಒಂದು ಹನಿ ಬಿಟ್ಟೆ. ತಿಳಿನೀರು. ಚೆನ್ನಾಗಿ ಅಲುಗಾಡಿಸಿ ಇನ್ನೊಂದು ಬಿಟ್ಟೆ, ಹಾಲಿನ ಹಾಗೆ ಬೆಳ್ಳಗೆ ಬಂತು. ನಾಟಾಮೈಸಿನ್ ನೀರಿನಲ್ಲಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ವಾರಪೂರ್ತಿ ಔಷಧಿ ತಳದಲ್ಲಿ, ನೀರು ಕಣ್ಣಿನಲ್ಲಿ. ಲೇಬಲ್ ಮೇಲೆ ಬರೆದೇ ಇತ್ತು, ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಅದನ್ನು ಓದಿ ಹೇಳಬೇಕಾದವನು ನಾನು. ಬಾಟಲಿ ಇಟ್ಟಿದ್ದೆಲ್ಲಿ ಎಂದು ಕೇಳಿದರೆ, ತಗಡಿನ ಕೆಳಗಿನ ಗೂಡಿನಲ್ಲಿ! ಅಲ್ಲಿ ರೊಟ್ಟಿಯೂ ಬೆಂದೀತು.

ಮತ್ತೆ ಡಾಕ್ಟರರ ಹತ್ತಿರ ಕಳಿಸಿದೆ. ಔಷಧಿ ಬದಲಾಗಲಿಲ್ಲ, ಹಾಕುವ ರೀತಿ ಬದಲಾಯಿತು. ತಿಂಗಳು ದಾಟಿ ಹುಣ್ಣು ಮಾಯಿತು, ಆದರೆ ಕಣ್ಣಲ್ಲೊಂದು ಸಣ್ಣ ಹೂವು, ಬಿಳಿ ಕಲೆ, ಉಳಿದುಬಿಟ್ಟಿತು.

ಈಗ ಗಿರಾಕಿಯ ಎದುರಿಗೇ ಅಲುಗಾಡಿಸಿ ತೋರಿಸುತ್ತೇನೆ. ಕೈ ತೊಳೆದು, ಕೆಳರೆಪ್ಪೆ ಎಳೆದು ಒಂದೇ ಹನಿ. ತುದಿ ಕಣ್ಣಿಗಾಗಲಿ ಬೆರಳಿಗಾಗಲಿ ತಾಗಬಾರದು. ಇನ್ನೊಂದು ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಬೇಕು. ರೆಪ್ಪೆಯ ಒಳಗೆ ಬಿಳಿ ಪುಡಿ ಅಂಟಿದ್ದು ಕಂಡರೆ ಅದು ಔಷಧಿಯೇ, ಕೀವೆಂದು ತಿಕ್ಕಬೇಡಿ. ಬಿಸಿಲಿಗೂ ಬೇಡ, ಫ್ರೀಜರಿಗೂ ಬೇಡ, ಕತ್ತಲಿನ ತಂಪು ಜಾಗ ಸಾಕು. ತಾಸಿಗೊಮ್ಮೆ ಯಾಕೆಂದರೆ ಇದು ಕರಿಗುಡ್ಡೆಯೊಳಗೆ ಆಳಕ್ಕೆ ಇಳಿಯುವುದು ಕಷ್ಟ. ನೋವು ಕಡಿಮೆಯಾಯಿತೆಂದು ನಾಲ್ಕನೇ ದಿನಕ್ಕೇ ಬಿಡುವವರೇ ಹೆಚ್ಚು. ಹನಿ ಕಡಿಮೆ ಮಾಡುವುದು, ನಿಲ್ಲಿಸುವುದು ಡಾಕ್ಟರರು ಕಣ್ಣು ನೋಡಿ ಹೇಳಬೇಕಾದ ಮಾತು.

'ಹೊಸಾದು, ತುಟ್ಟೀದು ಕೊಡ್ರಿ' ಅನ್ನುವವರೂ ಉಂಟು. ಮಧುರೈನ ಅರವಿಂದ್ ಆಸ್ಪತ್ರೆಯವರೂ ಸೇರಿ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವೊರಿಕೊನಜೋಲ್‌ ಎಂಬ ಹೊಸ ಔಷಧಿಗಿಂತ ಈ ಹಳೆಯ ನಾಟಾಮೈಸಿನ್ನೇ ಮೇಲಾಗಿತ್ತು, ಅದರಲ್ಲೂ ಫ್ಯುಸೇರಿಯಂ ಎಂಬ ಬೂಷ್ಟಿಗೆ.

ನನಗೆ ನಿಜವಾದ ಭಯ ಸ್ಟೆರಾಯ್ಡ್ ಡ್ರಾಪ್ಸಿನದು. ಕೆಂಪು ಬೇಗ ಇಳಿಯುತ್ತದೆ, ಒಳಗೆ ಬೂಷ್ಟು ಕೊಬ್ಬುತ್ತದೆ. ಮೊನ್ನೆ ಒಬ್ಬ ಹುಡುಗ ಅಪ್ಪನ ಹಳೇ ಬಾಟಲಿ ಹಿಡಿದು ಬಂದ: 'ಅಣ್ಣಾ, ಹೋದ ವರ್ಷ ಇದಕ್ಕ ಆರಾಮಾಗಿತ್ತು, ಇದ ಕೊಡ್ರಿ.' ನೋಡಿದರೆ ಡೆಕ್ಸಾಮೆಥಾಸೋನ್, ಸ್ಟೆರಾಯ್ಡೇ. ಕಣ್ಣಿಗೆ ಏನು ಬಡಿದದ್ದು ಎಂದೆ. 'ನೆಲ್ಲಿನ ಹೊಟ್ಟು.' ಕೊಡಲಿಲ್ಲ. ಅಪ್ಪನನ್ನು ಇವತ್ತೇ ಗಂಗಾವತಿಗೆ ಕರಕೊಂಡು ಹೋಗು ಎಂದೆ. ಬೈದುಕೊಳ್ಳುತ್ತಲೇ ಬೈಕ್ ತಿರುಗಿಸಿದ.